ಬಾವುಟಗುಡ್ಡೆಯ ಮೇಲಿನ ಬಣ್ಣದ ಗೋಡೆಗಳು

ಜೂನ್ ತಿಂಗಳಿನಲ್ಲಿ ಮಂಗಳೂರನ್ನು ನೋಡಲೆಂದೇ ಬರುವವರು ವಿರಳ. ಆ ಕಾಲದಲ್ಲಿ ಅಲ್ಲಿಗೆ ಬಂದಿಳಿಯುವ ಘಟ್ಟದ ಮೇಲಿನವರೆಲ್ಲ ನನ್ನಂತೆ ಏನಾದರೊಂದು ಕಾರ್ಯನಿಮಿತ್ತ ಬಂದವರೇ ಆಗಿರುತ್ತಾರೆ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕಾಗಿ ಶಿರಾಡಿಯ ತಿರುವುಗಳನ್ನು ಇಳಿದು ಬಂದಿದ್ದ ನನಗೆ ನಾಲ್ಕು ದಿನ ಕೆಂಪು ಶಾಯಿಯ ಲೇಖನಿಯೇ ಜೊತೆಗಾರನಾಗಿತ್ತು. ಐದನೆಯ ದಿನ ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಊರಿಗೆ ಹಿಂತಿರುಗುವ ಬಸ್ಸು ಇದ್ದುದು ರಾತ್ರಿಗೆ. ಹಂಪನಕಟ್ಟೆಯಲ್ಲಿ ಒಂದು ಲೋಟ ಕಾಫಿ ಕುಡಿದು, ಕೊಡೆ ಬಿಚ್ಚಿಕೊಂಡು, ಬಾವುಟಗುಡ್ಡೆಯ ಏರನ್ನು ಹತ್ತತೊಡಗಿದೆ.

ಬಾವುಟಗುಡ್ಡೆಯೆಂಬುದು ಹೆಸರಿಗೆ ಗುಡ್ಡೆ. ಊರು ಬೆಳೆದು ಅದನ್ನು ನಾಲ್ಕು ಕಡೆಯಿಂದಲೂ ನುಂಗಿಬಿಟ್ಟಿರುವುದರಿಂದ, ಕಾಲಿಗೆ ಆಯಾಸವಾದಾಗಲೇ ಅದು ಗುಡ್ಡೆಯೆಂದು ತಿಳಿಯುವುದು. 1837ರ ದಂಗೆಯಲ್ಲಿ ಸುಳ್ಯದ ಕಡೆಯಿಂದ ಬಂದ ರೈತರು ಕುಂಪಣಿಯ ಬಾವುಟವನ್ನಿಳಿಸಿ ತಮ್ಮ ಬಾವುಟವನ್ನೇರಿಸಿದುದು ಇಲ್ಲಿಯೇ ಎಂದು ಊರವರು ಹೇಳುತ್ತಾರೆ. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ. ಹತ್ತಿರದಲ್ಲಿಯೇ ಈದ್ಗಾ ಮಸೀದಿ. ಠಾಗೋರ್ ಉದ್ಯಾನದೊಳಗೆ ಈಗ ಬೆಳಗದ ಹಳೆಯ ದೀಪಸ್ತಂಭ. ಇವೆಲ್ಲದರ ನೆರೆಯಲ್ಲಿ, ಉದ್ದನೆಯ ಮೊಗಸಾಲೆಗಳನ್ನು ಚಾಚಿಕೊಂಡು, ಸಂತ ಅಲೋಶಿಯಸ್ ವಿದ್ಯಾಸಂಸ್ಥೆ. ಹಳಬರ ಬಾಯಲ್ಲಿ ಅದು ಇಂದಿಗೂ 'ಅಲೋಶಿಯಸ್ ಕಾಲೇಜು'. 2024ರಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ದೊರೆತಿರುವುದನ್ನು ಆಟೋರಿಕ್ಷಾದವರು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ನಾನು ಹೋದುದು ಜೂನ್ 22ರಂದು. ಹಿಂದಿನ ದಿನವೇ ಸಂತ ಅಲೋಶಿಯಸನ ಹಬ್ಬ. ಅದನ್ನು ತಿಳಿದು ಹೋದವನಲ್ಲ. ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಬಾಡಿದ ಹೂಗಳನ್ನು ಕಂಡು ವಿಚಾರಿಸಿದಾಗ ತಿಳಿಯಿತು. ಹಬ್ಬದ ಮರುದಿನದ ದೇವಾಲಯಕ್ಕೆ ಒಂದು ವಿಶೇಷವಾದ ಸೊಬಗಿದೆ. ಜಾತ್ರೆ ಮುಗಿದ ಮೇಲೆ ತೇರಿನ ಬೀದಿಯಲ್ಲಿ ನಡೆದವರಿಗೆ ಅದರ ಅನುಭವವಿರುತ್ತದೆ. ಒಳಗೆ ಮೂರೋ ನಾಲ್ಕೋ ಜನರಿದ್ದರು. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು.

ಕತ್ತೆತ್ತಿದೆ. ಎತ್ತಿದ ಕತ್ತನ್ನು ಬಹಳ ಹೊತ್ತು ಇಳಿಸಲಾಗಲಿಲ್ಲ.

ಈ ಮಂದಿರದ ಒಳಮೈಯಲ್ಲಿ ಬಣ್ಣವಿಲ್ಲದ ಜಾಗವನ್ನು ಹುಡುಕಬೇಕು. ಗೋಡೆ, ಕಮಾನು, ಇಳಿಜಾರು, ಮಾಡು, ಎಲ್ಲೆಲ್ಲಿಯೂ ಸಂತರು, ದೇವದೂತರು, ಹೂಮಾಲೆಗಳು. ಕೆತ್ತಿದ ಕಂಬವೆಂದು ತಿಳಿದು ಬಳಿ ಹೋದರೆ ಅದು ಸಮತಟ್ಟಾದ ಗೋಡೆ. ಬೆಳಕು ನೆರಳುಗಳ ಚಾತುರ್ಯದಿಂದ ಕಂಬವಾಗಿ ನಿಂತಿದೆ. ಮಯನಿರ್ಮಿತ ಸಭೆಯಲ್ಲಿ ನೆಲವನ್ನು ಕೊಳವೆಂದು ತಿಳಿದ ದುರ್ಯೋಧನನ ಪಾಡು ನನ್ನದಾಯಿತು. ಪುಣ್ಯಕ್ಕೆ ನಗುವವರು ಯಾರೂ ಇರಲಿಲ್ಲ.

ಇದನ್ನೆಲ್ಲ ಬರೆದವನು ಆಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಪಟ್ಟಣದ ಬಳಿಯ ಸ್ತೆತ್ಸಾನೊ ಎಂಬ ಹಳ್ಳಿಯಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತು, ಮೂವತ್ತೈದರ ಪ್ರಾಯದಲ್ಲಿ ಯೇಸುಸಭೆಯನ್ನು ಸೇರಿದ. ಪಾದ್ರಿಯಾಗಿ ಅಲ್ಲ, ಸಾಮಾನ್ಯ ಸಹೋದರನಾಗಿ. ಅಂದರೆ ಪೂಜೆಯನ್ನು ನಡೆಸುವ ಅಧಿಕಾರವಿಲ್ಲ, ಪ್ರವಚನದ ಪೀಠವಿಲ್ಲ. ಕೈಯಿಂದಾಗುವ ಸೇವೆಯಷ್ಟೇ ಅವನ ಪಾಲು. 1899ರಿಂದ ಸುಮಾರು ಎರಡು ವರ್ಷ ಆತ ಈ ಗೋಡೆಗಳೆದುರು ಅಟ್ಟಣೆ ಹತ್ತಿ ನಿಂತ. ಗೋಡೆಯ ಚಿತ್ರಗಳು ಹಸಿ ಸುಣ್ಣದ ಗಾರೆಯ ಮೇಲೆ ಬರೆದವು; ಮಾಡಿನವು ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದು ಕೂಡಿಸಿದವು. ಹಸಿ ಗಾರೆಯ ಕೆಲಸ ಬಹು ಕಷ್ಟದ್ದು. ಆ ದಿನ ಎಷ್ಟು ಬರೆಯಬಹುದೋ ಅಷ್ಟಕ್ಕೇ ಗಾರೆ ಮೆತ್ತಬೇಕು. ಅದು ಆರುವ ಮುನ್ನ ಬಣ್ಣ ಒಳಗಿಳಿಯಬೇಕು. ತಪ್ಪಿದರೆ ತಿದ್ದುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆದು ಮೊದಲಿನಿಂದ ಹಚ್ಚಬೇಕು. ನಾಲ್ಕು ದಿನ ಬೇರೆಯವರ ತಪ್ಪುಗಳ ಮೇಲೆ ಗೆರೆಯೆಳೆದು ಬಂದಿದ್ದ ನನಗೆ ಈ ವಿಷಯ ಮನಸ್ಸಿಗೆ ನಾಟಿತು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಕರಾವಳಿಯ ತೇವ ಅವನ ಬಣ್ಣಗಳನ್ನು ತಿನ್ನತೊಡಗಿದಾಗ, 1990ರ ದಶಕದ ಮೊದಲಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಅವನ್ನು ಉಳಿಸಿಕೊಟ್ಟರು.

ಮಾಡಿನ ಮೇಲೆ ಸಂತ ಅಲೋಶಿಯಸನ ಕಥೆಯಿದೆ. ಅದನ್ನು ಸ್ವಲ್ಪ ಹೇಳಬೇಕು.

ಕಾಸ್ತಿಲ್ಯೋನೆಯ ಗೊನ್ಸಾಗಾ ಮನೆತನದ ಹಿರಿಯ ಮಗನಾಗಿ 1568ರಲ್ಲಿ ಅವನು ಹುಟ್ಟಿದ. ತಂದೆ ಫೆರ್ರಾಂತೆ ಮಗನನ್ನು ಯೋಧನನ್ನಾಗಿ ಮಾಡಬೇಕೆಂದಿದ್ದವನು. ಮಗನಿಗೆ ಅರಮನೆಯೂ ಬೇಡ, ಕತ್ತಿಯೂ ಬೇಡ. ವರ್ಷಗಟ್ಟಲೆ ಹಟ ಹಿಡಿದು, ತಂದೆಯ ಸಿಟ್ಟನ್ನು ಸಹಿಸಿ, 1585ರಲ್ಲಿ ತನಗೆ ಬರಬೇಕಾಗಿದ್ದ ಆಸ್ತಿ ಅಧಿಕಾರಗಳನ್ನೆಲ್ಲ ತಮ್ಮ ರೊದೋಲ್ಫೊನಿಗೆ ಬರೆದುಕೊಟ್ಟು ರೋಮಿಗೆ ನಡೆದುಬಿಟ್ಟ. ಚಿತ್ರಗಳಲ್ಲಿ ಅವನು ಸಪೂರ ದೇಹದ, ತಗ್ಗಿದ ಕಣ್ಣಿನ ಹುಡುಗ. ನಿಜ ಹೇಳುವುದಾದರೆ, ಅವನ ಎಳೆವೆಯ ಕಠೋರ ವ್ರತಗಳನ್ನು ಓದಿದಾಗ ನನಗೆ ಆ ಹುಡುಗನ ಮೇಲೆ ಪ್ರೀತಿ ಹುಟ್ಟಿರಲಿಲ್ಲ. ಮಕ್ಕಳು ಅಷ್ಟು ಕಟ್ಟುನಿಟ್ಟಾಗಿರಬಾರದೆಂದೇ ನನ್ನ ಅಭಿಪ್ರಾಯ. ಆದರೆ ರಾಜ್ಯವನ್ನು ತಮ್ಮನ ಕೈಗಿಟ್ಟು ಹೊರಡುವ ಆ ಗಳಿಗೆ ಕನ್ನಡ ಓದಿದವನಿಗೆ ಹೊರಗಿನದಾಗುವುದಾದರೂ ಹೇಗೆ? ಪಂಪನ ಬಾಹುಬಲಿ ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟು ಹೊರಟವನು; ಇವನು ಕೈಗೆ ಬರಲಿದ್ದ ರಾಜ್ಯವನ್ನು ತಮ್ಮನಿಗೆ ಬಿಟ್ಟು ಹೊರಟವನು.

ಈ ಹೋಲಿಕೆ ನನ್ನೊಬ್ಬನ ಕಲ್ಪನೆಯಾಗಿ ಉಳಿಯಬೇಕಾಗಿಲ್ಲ. ಇದೇ ಗುಡ್ಡೆಯ ಮೇಲೆ ಮುಳಿಯ ತಿಮ್ಮಪ್ಪಯ್ಯನವರು ಕನ್ನಡ ಪಂಡಿತರಾಗಿದ್ದರು. 'ನಾಡೋಜ ಪಂಪ'ವನ್ನು ಬರೆದ ಮಹನೀಯರು ಇಟಲಿಯ ಪಾದ್ರಿಗಳು ಕಟ್ಟಿದ ಕಾಲೇಜಿನಲ್ಲಿ ಸಂಬಳ ಪಡೆದು, ಕರಾವಳಿಯ ಕ್ರೈಸ್ತ, ಬ್ರಾಹ್ಮಣ, ಬಂಟ ಹುಡುಗರಿಗೆ ಹಳಗನ್ನಡ ಹೇಳಿದರು. ಛಂದಸ್ಸಿನಲ್ಲಿ ಸೂಕ್ಷ್ಮಮತಿಗಳಾದ ಸೇಡಿಯಾಪು ಕೃಷ್ಣಭಟ್ಟರೂ ಇಲ್ಲಿಯ ಅಧ್ಯಾಪಕರಾಗಿದ್ದವರು. ತಲೆಯ ಮೇಲೆ ಅಲೋಶಿಯಸನ ತ್ಯಾಗ, ಪಕ್ಕದ ಕೊಠಡಿಯಲ್ಲಿ ಬಾಹುಬಲಿಯ ತ್ಯಾಗ. ಇಂಥ ನೆರೆಹೊರೆ ಬೇರೆಲ್ಲಿ ದೊರೆತೀತು?

ಮುಂದಿನ ಕಥೆ ಚಿಕ್ಕದು. 1591ರಲ್ಲಿ ರೋಮಿನಲ್ಲಿ ಪ್ಲೇಗು ಹಬ್ಬಿತು. ವಿದ್ಯಾರ್ಥಿಯಾಗಿದ್ದ ಅಲೋಶಿಯಸ್ ರೋಗಿಗಳ ಆರೈಕೆಗೆ ನಿಂತ. ಬೀದಿಯಲ್ಲಿ ಬಿದ್ದಿದ್ದವನೊಬ್ಬನನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋದನಂತೆ. ತಾನೂ ಹಾಸಿಗೆ ಹಿಡಿದು ಜೂನ್ 21ರಂದು ಸತ್ತ. ವಯಸ್ಸು ಇಪ್ಪತ್ತಮೂರು. ಆ ವಯಸ್ಸಿನ ಹುಡುಗರು ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಆಕಳಿಸುತ್ತಾರೆ.

"ಎಂತ, ಘಟ್ಟದ ಮೇಲಿನವರಾ?" ಎಂದು ಯಾರೋ ಮೆಲುದನಿಯಲ್ಲಿ ಕೇಳಿದರು. ತಿರುಗಿ ನೋಡಿದರೆ ಬಿಳಿಯ ಅಂಗಿ ತೊಟ್ಟ, ಎಪ್ಪತ್ತೈದನ್ನು ದಾಟಿರಬಹುದಾದ ಹಿರಿಯರು. ಕೈಯಲ್ಲಿ ಜಪಮಾಲೆ.

"ಹೌದು. ಹೇಗೆ ತಿಳಿಯಿತು?"

"ಕೊಡೆ ನೋಡಿದೆ ಮಾರಾಯ್ರೇ. ನಮ್ಮ ಮಳೆಗೆ ಇಂಥ ಕೊಡೆ ಎಲ್ಲಿಗೆ ಸಾಕು?"

ಇಬ್ಬರೂ ಮೊಗಸಾಲೆಗೆ ಬಂದು ಕುಳಿತೆವು. ಹಬ್ಬದ ದಿನ ಮಳೆ ಜೋರಾಗಿದ್ದುದರಿಂದ ಬರಲಾಗಲಿಲ್ಲವೆಂದು ಈ ದಿನ ಬಂದಿದ್ದರು. ತಂದೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ತಾವು ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆದು, ರಾತ್ರಿ ಇಲ್ಲಿಯ ಸಂಜೆ ಕಾಲೇಜಿನಲ್ಲಿ ಓದಿದರು. ಅನಂತರ ದೂರದ ಒಂದು ಇಗರ್ಜಿಯ ಕನ್ನಡ ಶಾಲೆಗೆ ಅಧ್ಯಾಪಕರಾಗಿ ಹೋಗಿ, ಅಲ್ಲಿಯೇ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದರು. ನಾನೂ ಅಧ್ಯಾಪಕನೆಂದು ತಿಳಿದೊಡನೆ ಅವರ ಬಾಯಲ್ಲಿ ನಾನು 'ಮಾಷ್ಟ್ರು' ಆದೆ. ಊರವರು ತಮ್ಮನ್ನು 'ಪೊರ್ಬುಗಳೇ' ಎಂದು ಕರೆಯುತ್ತಾರೆಂದರು. ಪ್ರಭು ಎಂಬುದೇ ತುಳುವಿನ ನಾಲಗೆಯಲ್ಲಿ ಪೊರ್ಬು ಆಗಿದೆ. ಕರಾವಳಿಯ ಕೆಥೋಲಿಕರನ್ನು ಗೌರವದಿಂದ ಕರೆಯುವ ರೀತಿಯದು. ಈ ಗುಡ್ಡೆಯ ನೆಲವನ್ನು ಕಾಲೇಜಿಗೆ ಕೊಟ್ಟವರ ಹೆಸರಿನಲ್ಲಿಯೂ ಆ ಪ್ರಭು ಉಂಟು: ಲಾರೆನ್ಸ್ ಲೋಬೊ ಪ್ರಭು.

ಅವರಿಂದ ಕೇಳಿದ್ದನ್ನೂ ನಾನು ಓದಿದ್ದನ್ನೂ ಕೂಡಿಸಿ ಹೇಳುವುದಾದರೆ ಸಂಸ್ಥೆಯ ಆರಂಭ ಹೀಗೆ. 1878ರ ಡಿಸೆಂಬರ್ 31ರಂದು ಒಂಬತ್ತು ಮಂದಿ ಜೆಸುಯಿಟರು ಮಂಗಳೂರಿನಲ್ಲಿ ಬಂದಿಳಿದರು. ತಮ್ಮ ಮಕ್ಕಳಿಗೆ ಉನ್ನತ ವಿದ್ಯೆ ಬೇಕೆಂದು ಇಲ್ಲಿಯ ಕೆಥೋಲಿಕರು ಬಹುಕಾಲ ರೋಮಿಗೆ ಮೊರೆಯಿಟ್ಟಿದ್ದರ ಫಲವದು. 1880ರಲ್ಲಿ ಕಾಲೇಜು ತೆರೆಯಿತು. ಕೆಲವು ವರ್ಷಗಳಲ್ಲಿಯೇ ಗುಡ್ಡೆಯ ಮೇಲೆ ಕಟ್ಟಡವೆದ್ದಿತು. ಬಂದವರಲ್ಲಿ ಕೆಲವರ ಕೆಲಸ ತರಗತಿಯ ನಾಲ್ಕು ಗೋಡೆಗಳಲ್ಲಿ ಹಿಡಿಸಲಿಲ್ಲ. ಆಂಜೆಲೊ ಮಾಫೆಯಿ ಎಂಬ ಪಾದ್ರಿ ಕೊಂಕಣಿ ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಹೊರತಂದರು. ಅವು ಅಚ್ಚಾದುದು ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ಮತದಲ್ಲಿ ಕೆಥೋಲಿಕರಿಗೂ ಪ್ರಾಟೆಸ್ಟಂಟರಿಗೂ ಆ ಕಾಲದಲ್ಲಿ ಎಷ್ಟು ದೂರವೆಂಬುದನ್ನು ಬಲ್ಲವರಿಗೆ ಈ ಸಂಗತಿಯ ಸ್ವಾರಸ್ಯ ತಿಳಿದೀತು. ಕಿಟೆಲರ ಕನ್ನಡ ನಿಘಂಟು ಬಂದುದೂ ಅದೇ ಅಚ್ಚುಕೂಟದಿಂದ, 1894ರಲ್ಲಿ.

ಇನ್ನೊಬ್ಬರು ಜರ್ಮನಿಯ ಫಾದರ್ ಮುಲ್ಲರ್. ಅವರು ಈ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಹೋಮಿಯೋಪಥಿಯ ಗುಳಿಗೆಗಳನ್ನು ಹಂಚತೊಡಗಿದವರು. ಗುಳಿಗೆಯ ಕೆಲಸ ಬೆಳೆದು ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳ ಆಶ್ರಮವಾಯಿತು, ಆಮೇಲೆ ಆಸ್ಪತ್ರೆಯಾಯಿತು. 1902ರಲ್ಲಿ ಮಂಗಳೂರಿಗೂ ಪ್ಲೇಗು ಬಂದಾಗ ಅವರು ಅದಕ್ಕೆಂದೇ ಒಂದು ಆಸ್ಪತ್ರೆಯನ್ನು ತೆರೆದರು. ಪ್ಲೇಗಿನವರನ್ನು ಹೊತ್ತು ಸತ್ತ ಸಂತನ ಹೆಸರಿನ ಕಾಲೇಜು. ಅದರ ಗೋಡೆಯ ಮೇಲಿನ ಬಣ್ಣ ಆರಿ ಒಂದು ವರ್ಷವಾಗಿತ್ತಷ್ಟೇ. ನನಗೆ ಮೊಸ್ಕೇನಿಯ ಎಲ್ಲ ಚಿತ್ರಗಳಿಗಿಂತಲೂ ಇದು ಹೆಚ್ಚಿನದೆಂದು ತೋರಿತು.

ಸಂಸ್ಥೆಯ ಲಾಂಛನದಲ್ಲಿ 'ಲೂಚೆತ್ ಎತ್ ಆರ್ದೆತ್' ಎಂಬ ಲ್ಯಾಟಿನ್ ಮಾತಿದೆ: ಬೆಳಗುತ್ತದೆ, ಉರಿಯುತ್ತದೆ. ಬೈಬಲ್ಲಿನಲ್ಲಿ ಸ್ನಾನಿಕ ಯೋಹಾನನನ್ನು ಕುರಿತು ಬರುವ ಮಾತನ್ನು ನೆನಪಿಸುವಂಥದು. ಪೊರ್ಬುಗಳು ಇದನ್ನು ಹೇಳಿ, "ಬೆಳಗುವುದಕ್ಕೆ ಎಲ್ಲರೂ ತಯಾರು ಮಾಷ್ಟ್ರೇ. ಎಣ್ಣೆ ಯಾರದ್ದು ಅಂತ ಮಾತ್ರ ಕೇಳಬಾರದು" ಎಂದು ನಕ್ಕರು. ನಗು ಬಹಳ ಹೊತ್ತು ನಿಲ್ಲಲಿಲ್ಲ. ತಾವು ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದ ಇಗರ್ಜಿಯ ಕನ್ನಡ ಶಾಲೆಯಲ್ಲಿ ಈಗ ಉಳಿದಿರುವ ಮಕ್ಕಳು ಹದಿನಾರು ಎಂದರು. ಅದೇ ಅಂಗಳದ ಆಚೆಯ ಬದಿಯಲ್ಲಿ ಅದೇ ಇಗರ್ಜಿಯ ಇಂಗ್ಲಿಷ್ ಮಾಧ್ಯಮ ಶಾಲೆ. ಅಲ್ಲಿ ಬೆಂಚು ಸಾಲದು. ಕನ್ನಡ ಶಾಲೆಗೆ ಬರುವವರು ಕೂಲಿಗೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು. ತಮ್ಮ ಕಾಲದಲ್ಲಿ ಗದ್ದೆಯ ಒಡೆಯನ ಮಗನೂ ಒಕ್ಕಲಿನವನ ಮಗನೂ ಬ್ಯಾರಿಗಳ ಹುಡುಗನೂ ಒಂದೇ ಚಾಪೆಯ ಮೇಲೆ ಕುಳಿತು ಕಾಗುಣಿತ ಬರೆದಿದ್ದರಂತೆ. ತೆನೆಹಬ್ಬಕ್ಕೆ ಎಲ್ಲರ ಮನೆಗೂ ಹೊಸ ಅಕ್ಕಿಯ ಪಾಯಸ ಹೋಗುತ್ತಿತ್ತಂತೆ.

"ಶಾಲೆ ಕಟ್ಟಿದ ಪಾದ್ರಿಯ ಫೋಟೋ ಈಗ ಎಲ್ಲಿ ಉಂಟು ಗೊತ್ತುಂಟಾ? ಇಂಗ್ಲಿಷ್ ಶಾಲೆಯ ಆಫೀಸಿನಲ್ಲಿ. ದಿನಾ ಹೂ ಹಾಕುತ್ತಾರೆ. ನಾನು ಬೇಡ ಅನ್ನುವುದಿಲ್ಲ. ನನ್ನ ಮೊಮ್ಮಗಳೂ ಅಲ್ಲಿಯೇ ಓದುವುದು."

ಕೊನೆಯ ಮಾತನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಕನ್ನಡ ಎಂ.ಎ. ಮಾಡಿ, ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿರುವ ನಾನೂ ಅವರ ಮುಖ ನೋಡಲಿಲ್ಲ.

ಜೆಸುಯಿಟರ ಚರಿತ್ರೆಯಲ್ಲಿ ಈ ಎಣ್ಣೆಯ ಪ್ರಶ್ನೆ ಹೊಸದಲ್ಲ. ಇಗ್ನೇಷಿಯಸ್ ಲೊಯೋಲಾ ಸಭೆಯನ್ನು ಕಟ್ಟಿದಾಗ ಪಾಠಕ್ಕೆ ಪ್ರತಿಫಲ ಪಡೆಯಬಾರದೆಂಬ ನಿಯಮವಿತ್ತು. 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ತೆರೆದ ಶಾಲೆ ನಡೆದುದು ಪೌರರ ದತ್ತಿಯಿಂದ. 1773ರಲ್ಲಿ ಪೋಪರು ಸಭೆಯನ್ನೇ ರದ್ದುಗೊಳಿಸಿ, 1814ರಲ್ಲಿ ಅದು ಮತ್ತೆ ಜೀವ ತಳೆದಾಗ ಹಳೆಯ ದತ್ತಿಗಳು ಉಳಿದಿರಲಿಲ್ಲ. 1833ರಲ್ಲಿ ಶುಲ್ಕ ಪಡೆಯಲು ರೋಮಿನಿಂದ ಅಪ್ಪಣೆ ದೊರೆಯಿತು. ಅಪ್ಪಣೆ ದೊರೆತುದು ಬದುಕುವುದಕ್ಕೆ. ಅದರಲ್ಲಿ ಆಕ್ಷೇಪಿಸುವುದೇನೂ ಇಲ್ಲ. ಅಧ್ಯಾಪಕನಿಗೂ ಹೊಟ್ಟೆಯಿದೆ. ಆದರೆ ಶುಲ್ಕ ಕೊಡಬಲ್ಲವರ ಮಕ್ಕಳು ಬರತೊಡಗಿದ ಮೇಲೆ ಶಾಲೆ ಮೆಲ್ಲಮೆಲ್ಲನೆ ಅವರದಾಗುತ್ತದೆ. 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಸಭೆಯ ಮಹಾಧಿಪತಿ ಪೆದ್ರೊ ಅರ್ರೂಪೆ ಜೆಸುಯಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತಾಡಿದರು. ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದವರು ಕುಳಿತಿದ್ದ ಸಭೆ. ನಿಮ್ಮನ್ನು ನಾವು ನ್ಯಾಯಕ್ಕಾಗಿ ದುಡಿಯುವಂತೆ ಬೆಳೆಸಿದೆವೇ ಎಂದು ಕೇಳಿ, ಇಲ್ಲ ಎಂದು ತಾವೇ ಉತ್ತರ ಹೇಳಿದರು. ಪರರಿಗಾಗಿ ಬದುಕುವವರನ್ನು ರೂಪಿಸುವುದೇ ಇನ್ನು ಮುಂದಿನ ಗುರಿ ಎಂದರು. ಕೇಳಿದವರಲ್ಲಿ ಹಲವರು ಸಿಟ್ಟಾದರು. ಹಳೆಯ ವಿದ್ಯಾರ್ಥಿಗಳ ಸಮಾರಂಭಕ್ಕೆ ಕರೆಸಿ ಹೊಗಳಬೇಕಾದವರು ಹೀಗೆ ಕೇಳಿದರೆ ಯಾರಿಗೆ ತಾನೇ ಸಿಟ್ಟು ಬಾರದು? ಆದರೂ ಆ ಮಾತು ಉಳಿದುಕೊಂಡಿತು. ಈಗ ಜಗತ್ತಿನ ಜೆಸುಯಿಟ್ ಶಾಲೆಗಳೆಲ್ಲ ಅದನ್ನು ತಮ್ಮ ಧ್ಯೇಯವಾಕ್ಯದಂತೆ ಉಚ್ಚರಿಸುತ್ತವೆ.

ಇದನ್ನು ಪೊರ್ಬುಗಳಿಗೆ ಹೇಳುತ್ತಿದ್ದಾಗ ನನ್ನ ಗಂಟಲು ಕಟ್ಟಿದಂತಾಯಿತು. ಕಾರಣವನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುವ ಕಾಲೇಜು ಯಾವುದಾದರೂ ಇರಲಿ. ಅಲ್ಲಿಯೂ ಸಂಸ್ಥಾಪಕರ ದಿನಾಚರಣೆಯುಂಟು. ಕನ್ನಡದವನೆಂದು ಪ್ರತಿ ವರ್ಷವೂ ಭಾಷಣ ನನ್ನ ಪಾಲಿಗೆ. ಕಳೆದ ವರ್ಷ ಪ್ರವೇಶದ ಮೇಜಿನ ಬಳಿ ಕುಳಿತಿದ್ದವನೂ ನಾನೇ. ಒಬ್ಬ ಹುಡುಗ ತಂದೆಯೊಡನೆ ಬಂದ. ಅಂಕಗಳು ಒಳ್ಳೆಯವು; ಹಣ ಎರಡು ಸಾವಿರ ಕಡಮೆ. ಅದೇ ಕೊನೆಯ ದಿನ. ನಾನು ಕಚೇರಿಗೆ ಕಳಿಸಿದೆ, ಕಚೇರಿಯವರು ನನ್ನ ಬಳಿಗೆ ಕಳಿಸಿದರು. ನಾಳೆ ಬನ್ನಿ ಎಂದೆ. ನಾಳೆ ಪಟ್ಟಿ ಮುಚ್ಚುತ್ತದೆಂದು ನನಗೆ ಗೊತ್ತಿತ್ತು. ತಂದೆ ಕೈಮುಗಿದು ಹೋದರು. ಆ ವಾರವೇ ವೇದಿಕೆಯ ಮೇಲೆ ನಿಂತು, ಜೋಳಿಗೆ ಹಿಡಿದು ಬಡ ಮಕ್ಕಳಿಗಾಗಿ ಮನೆಮನೆ ತಿರುಗಿದ ನಮ್ಮ ಸಂಸ್ಥಾಪಕರ ಕರುಣೆಯನ್ನು ಇಪ್ಪತ್ತು ನಿಮಿಷ ವರ್ಣಿಸಿದೆ. ಚಪ್ಪಾಳೆ ಚೆನ್ನಾಗಿ ಬಿದ್ದಿತು.

ಪೊರ್ಬುಗಳು ಸುಮ್ಮನೆ ಕೇಳಿದರು. ಸಮಾಧಾನದ ಮಾತು ಹೇಳಿಯಾರೆಂದು ಕಾದೆ, ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅರ್ಜಿಯಲ್ಲಿ ವಿಳಾಸ ಇರ್ತದಲ್ಲ ಮಾಷ್ಟ್ರೇ?" ಎಂದರು. ಮತ್ತೆ ಬೇರೆ ಮಾತಿಗೆ ತೊಡಗಿ, ಜೆಸುಯಿಟ್ ಶಾಲೆಗಳಲ್ಲಿ ಹಿಂದೆ ಮಕ್ಕಳು ಪ್ರತಿ ಪುಟದ ತಲೆಯಲ್ಲಿಯೂ 'ದೇವರ ಹೆಚ್ಚಿನ ಮಹಿಮೆಗಾಗಿ' ಎಂಬರ್ಥದ ನಾಲ್ಕು ಲ್ಯಾಟಿನ್ ಅಕ್ಷರಗಳನ್ನು ಬರೆಯುತ್ತಿದ್ದ ಪದ್ಧತಿಯನ್ನು ಹೇಳಿದರು. ನಮ್ಮ ಕಡೆ 'ಶ್ರೀ' ಬರೆಯುತ್ತಿದ್ದೆವೆಂದೆ. ಲೆಕ್ಕ ತಪ್ಪಾದರೂ ತಲೆಬರಹಕ್ಕೆ ಒಂದು ಅಂಕ ಕೊಡಬೇಕಾಗಿತ್ತೆಂದು ಇಬ್ಬರೂ ನಕ್ಕೆವು.

ಮಳೆ ಕೊಂಚ ಬಿಟ್ಟಿತು. ಅವರು ಮತ್ತೊಮ್ಮೆ ಒಳಗೆ ಹೋದರು, ನಾನೂ ಹಿಂಬಾಲಿಸಿದೆ. ಹೊರಬರುವಾಗ ಕಣ್ಣಿಗೆ ಬೀಳುವ ಹಿಂಬದಿಯ ಗೋಡೆಯಲ್ಲಿ ಯೇಸು ಮಕ್ಕಳ ನಡುವೆ ಕುಳಿತಿರುವ ಚಿತ್ರವಿದೆ. ಒಳಬರುವಾಗ ಪೀಠದ ಕಡೆಗೇ ನೋಟವಿದ್ದುದರಿಂದ ನಾನು ಅದನ್ನು ಗಮನಿಸಿರಲಿಲ್ಲ. ಪ್ರಾರ್ಥನೆ ಮುಗಿಸಿ ಬಾಗಿಲಿನತ್ತ ತಿರುಗಿದವರಿಗೆ ಮೊದಲು ಎದುರಾಗುವವರು ಆ ಮಕ್ಕಳು. ಮೊಸ್ಕೇನಿ ಇದನ್ನು ಬೇಕೆಂದೇ ಮಾಡಿದನೋ, ಗೋಡೆಯೊಂದು ಉಳಿದಿತ್ತೆಂದು ಮಾಡಿದನೋ.

ಏರಿ ಬಂದ ದಾರಿಯಲ್ಲಿಯೇ ಇಳಿದೆವು. ಶಾಲೆ ಬಿಟ್ಟಿತ್ತು. ಬಣ್ಣಬಣ್ಣದ ಮಳೆಯಂಗಿ ತೊಟ್ಟ ಹುಡುಗರು ನೀರು ಹರಿಯುವ ಕಡೆಯಲ್ಲೇ ಹುಡುಕಿ ಹುಡುಕಿ ಕಾಲಿಡುತ್ತಿದ್ದರು. ಹಂಪನಕಟ್ಟೆಯಲ್ಲಿ ಪೊರ್ಬುಗಳು ತಮ್ಮ ಬಸ್ಸು ಹತ್ತಿ, ಕಿಟಕಿಯಿಂದ ಕೈಯೆತ್ತಿದರು. ಹೆಸರನ್ನು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ರಾತ್ರಿಯ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಚಹಾಕ್ಕೆಂದು ಹಾಸನದಲ್ಲಿ ನಿಲ್ಲಿಸಿದಾಗಲೂ ಹೊತ್ತಾಗಿರಲಿಲ್ಲವೆಂದು ಸುಮ್ಮನಿದ್ದೆ. ಊರು ತಲುಪಿ, ಚೀಲವನ್ನು ಮನೆಯಲ್ಲಿಟ್ಟು, ನಮ್ಮ ಕಾಲೇಜಿನ ಗುಮಾಸ್ತರಿಗೆ ಫೋನು ಮಾಡಿದೆ. ಕಳೆದ ವರ್ಷ ಸೀಟು ಸಿಗದೆ ಹೋದವರ ಅರ್ಜಿಗಳ ಕಟ್ಟನ್ನು ಏನು ಮಾಡಿದಿರೆಂದು ಕೇಳಿದೆ.

"ಬೀರುವಿನ ಮೇಲಿದೆ ಸಾರ್. ರದ್ದಿಗೆ ಹಾಕಬೇಕು ಅಂತ ಇದ್ದೆ" ಎಂದರು.

ಹಾಕಬೇಡಿ, ಬರುತ್ತಿದ್ದೇನೆ, ಎಂದೆ.